ರೆಪ್ಪೆಯ ಹೊಲಿಗೆ

ರೆಪ್ಪೆ ಸರಿಪಡಿಸಿಕೊಳ್ಳುವವರಿಗೆ ನನ್ನ ಮೊದಲ ಸಲಹೆ: ಊರಿಗೆ ಹೋಗುತ್ತೇನೆಂದು ಯಾರಿಗೂ ಸುಳ್ಳು ಹೇಳಬೇಡಿ.

ಬಹರೇನಿನ ಮನಾಮದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಒಂದು ಮೆಷಿನ್‌ನಿಂದ ಶುರುವಾದದ್ದು, ಈಗ ನಾಲ್ಕಿವೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಐವತ್ತು ದಾಟಿದ್ದೇ ರೆಪ್ಪೆಯ ಚರ್ಮ ಇಳಿದು ಕಣ್ಣಿನ ಮೇಲೆ ಕೂತಿತು. ಸೂಜಿಗೆ ದಾರ ಪೋಣಿಸಲೂ ಹುಬ್ಬೆತ್ತಬೇಕು. ಗಿರಾಕಿಗಳು "ನಿದ್ದೆ ಇಲ್ವಾ ಅಕ್ಕ?" ಎನ್ನುತ್ತಲೇ, ದಣಿದವಳು ಬೇಗ ಒಪ್ಪುತ್ತಾಳೆಂದು ಚೌಕಾಸಿಗೆ ನಿಲ್ಲುತ್ತಿದ್ದರು.

ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡೆ. ಈ ವಯಸ್ಸಿನಲ್ಲಿ ಚೆಂದಕ್ಕೆ ಕತ್ತರಿ ಹಾಕಿಸಿಕೊಂಡಳು ಎಂಬ ಮಾತು ಬೇಡವೆಂದು, ಹತ್ತು ದಿನ ಊರಿಗೆ ಹೋಗುತ್ತೇನೆ ಎಂದೆ. ಊರಿಗೆ ಹೊರಟವರ ಕೈಗೆ ಇಲ್ಲಿ ಪೊಟ್ಟಣ ಬಾರದೆ ಇರುವುದುಂಟೇ? "ವಿಮಾನದ ತೂಕ ಮುಗಿಯಿತು" ಎಂದು ಎಲ್ಲರಿಂದ ತಪ್ಪಿಸಿಕೊಂಡೆ. ಕೆಳಗಿನ ಮಹಡಿಯವಳು, ಈಸಾ ಟೌನ್‌ನ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು, ಕೇಳಲಿಲ್ಲ. ಉಡುಪಿಯಲ್ಲಿರುವ ತಾಯಿಗೆಂದು ಖರ್ಜೂರ, ಮಂಡಿಗೆ ಹಚ್ಚುವ ಮುಲಾಮು ಕಟ್ಟಿ ಬಾಗಿಲಲ್ಲಿ ಇಟ್ಟೇ ಹೋದಳು.

ಕ್ಲಿನಿಕ್ಕಿನಲ್ಲಿ ನರ್ಸ್ ಕೇಳಿದಳು, "ಮನೆಗೆ ಕರೆದುಕೊಂಡು ಹೋಗಲು ಯಾರು ಬಂದಿದ್ದಾರೆ?"

"ಟ್ಯಾಕ್ಸಿ ಇದೆ."

"ಟ್ಯಾಕ್ಸಿ ಆಗುವುದಿಲ್ಲ, ಜನ ಬೇಕು. ಇಲ್ಲದಿದ್ದರೆ ಇವತ್ತು ಆಪರೇಷನ್ ಇಲ್ಲ."

ಡಾಕ್ಟರ ಬಳಿಯೇ ದರ ಇಳಿಸಿದವಳು ನಾನು. ಇದರಲ್ಲಿ ಇಳಿಸಲು ಏನೂ ಇರಲಿಲ್ಲ. ಫೋನಿನ ಹೆಸರುಗಳನ್ನು ಕೊನೆಯವರೆಗೂ ಸರಿಸಿದೆ. ಗಿರಾಕಿಗಳು, ಬಟ್ಟೆ ವ್ಯಾಪಾರಿಗಳು, ಗುಂಡಿ-ಝಿಪ್ಪು ತರುವವರು. ಅವರೆಲ್ಲರ ಲೆಕ್ಕದಲ್ಲಿ ನಾನು ಊರಿನಲ್ಲಿದ್ದೆ. ಊರಿನಲ್ಲಿಲ್ಲ ಎಂದು ಹೇಳಿಕೊಳ್ಳುವಷ್ಟು ಹತ್ತಿರದವರು ಅದರಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಕೆಳಗಿನ ಮಹಡಿಯವಳಿಗೇ ಫೋನ್ ಮಾಡಿ ನಿಜ ಹೇಳಿದೆ. ಅವಳು ಬಸ್ಸಿನಲ್ಲೇ ಇದ್ದಳು.

"ಮಕ್ಕಳನ್ನು ಇಳಿಸಿ ಬರ್ತೇನೆ."

ಮರಗಟ್ಟಿಸುವ ಚುಚ್ಚುಮದ್ದು ಉರಿಯುತ್ತದೆ, ಹೆದರಬೇಡಿ. ಆಮೇಲೆ ನೋವಿಲ್ಲ, ದಾರದ ಎಳೆತ ಮಾತ್ರ ತಿಳಿಯುತ್ತದೆ. ನನ್ನ ಡಾಕ್ಟರದು ಒಳ್ಳೆಯ ಕೈ.

ಹೊರಬಂದಾಗ ಕೆಳಗಿನ ಮಹಡಿಯವಳ ದನಿ ಕೇಳಿತು. "ಎಂತ ಅಕ್ಕ, ವಿಮಾನ ಹೊರಡಲೇ ಇಲ್ವಾ?"

"ಬೈಯಿ ಮಾರಾಯ್ತಿ."

"ಮೊದಲು ಸರಿ ಕಣ್ಣು ಬಿಡಿ. ಕಾಣದವರಿಗೆ ಬೈದ್ರೆ ಎಂತ ರುಚಿ?"

ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ, ತಣ್ಣನೆ ಬಟ್ಟೆ ಇಡಿ, ಬಗ್ಗಬೇಡಿ. ಕಣ್ಣಿನ ಮುಲಾಮಿನಿಂದ ಎಲ್ಲ ಮಂಜು ಮಂಜು. ಮೂರನೆಯ ದಿನ ಊದಿ, ನೀಲಿಗಟ್ಟಿ, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತೀರಿ, ಕನ್ನಡಿಯನ್ನು ನಂಬಬೇಡಿ. ಇದೆಲ್ಲ ಡಾಕ್ಟರರೇ ಹೇಳುತ್ತಾರೆ. ಪರದೆ ಎಳೆದ ಕೋಣೆಯಲ್ಲಿ, ಇಲ್ಲದವಳ ಹಾಗೆ ಕೂತಿರುವುದು ಹೇಗೆಂದು ಯಾರೂ ಹೇಳುವುದಿಲ್ಲ. ಫೋನ್ ಒಮ್ಮೆಯೂ ಸದ್ದು ಮಾಡಲಿಲ್ಲ. ಮಧ್ಯಾಹ್ನ ಬಸ್ಸಿನ ಕೆಲಸ ಮುಗಿಸಿ ಅವಳು ಗಂಜಿ ತರುತ್ತಿದ್ದಳು, ಅಷ್ಟೆ.

ಆರನೆಯ ದಿನ ಹೊಲಿಗೆ ತೆಗೆಸಿ ಬಂದು ಪೊಟ್ಟಣ ವಾಪಸ್ ಕೊಟ್ಟೆ. ಅವಳು ಮುಟ್ಟಲಿಲ್ಲ.

"ಇರ್ಲಿ. ಖರ್ಜೂರ ಹಾಳಾಗುದಿಲ್ಲ. ಅಕ್ಕ ಬರ್ತಾರೆ ಅಂತ ಅಮ್ಮನಿಗೆ ಹೇಳಿ ಆಗಿದೆ, ದಿನಾ ಕೇಳ್ತಾರೆ."

ಊರಿನಲ್ಲಿ ನನ್ನ ದಾರಿ ಕಾಯುವವರು ಮುಗಿದರೆಂದು ನಾನು ಆ ಕಡೆ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಸಂಜೆ ಫೋನಿನಲ್ಲಿ ಟಿಕೆಟ್ ನೋಡಿದೆ. ದರ ಹೆಚ್ಚಿತ್ತು. ಚೌಕಾಸಿ ಮಾಡಲು ಎದುರಿಗೆ ಯಾರೂ ಇರಲಿಲ್ಲ, ತೆಗೆದುಕೊಂಡೆ.