ಬಾವಿಕಟ್ಟೆಯ ಮೇಲೆ ಕೂತವಳು

ಅಕ್ಕಲಕೋಟದ ತವರಿನಲ್ಲಿ ಮರಾಠಿಯ ನಾಲ್ಕಕ್ಷರ ಕಲಿತು ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದಿದ್ದೆ. ಓಣಿಯ ಬೀಡಿ ಕಟ್ಟುವ ಹೆಂಗಸರೊಳಗೆ ಓದಲು ಬರುತ್ತಿದ್ದವಳು ನಾನೊಬ್ಬಳೇ. ಪ್ರತಿ ಸೋಮವಾರ ಬಟ್ಟೆ ಗಿರಣಿಯ ಭೋಂಗಾ ಕೂಗಿ ಗಂಡಸರು ಕೆಲಸಕ್ಕೆ ಹೋದಮೇಲೆ, ಮರಾಠಿ ವಾರಪತ್ರಿಕೆಯ ಧಾರಾವಾಹಿಯನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ನನ್ನ ಪಾಲಿನ ಬೀಡಿಗಳನ್ನು ಅವರೇ ಕಟ್ಟಿಕೊಡುತ್ತಿದ್ದರು. ಆದರೆ ನಾನು ಮೊದಲೇ ಓದಿಕೊಳ್ಳುವ ಹಾಗಿರಲಿಲ್ಲ. ಕಥೆ ಎಲ್ಲರಿಗೂ ಒಮ್ಮೆಗೇ ತಿಳಿಯಬೇಕೆಂದು, ಪತ್ರಿಕೆ ಬಂದ ಕೂಡಲೇ ಅತ್ತೆ ಅದನ್ನು ಬೀಡಿ ಎಲೆಯ ಬುಟ್ಟಿಯಡಿ ಬಚ್ಚಿಡುತ್ತಿದ್ದರು. ಬುಟ್ಟಿ ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು.

ಒಮ್ಮೆ ಕಥೆಯ ಹುಡುಗಿ ಮನೆಬಿಟ್ಟು ಬಂದು ಬಾವಿಕಟ್ಟೆಯ ಮೇಲೆ ಕೂತಲ್ಲಿಗೆ ಕಂತು ಮುಗಿಯಿತು. ಆಮೇಲೆ ಆ ಹಾಳು ಪತ್ರಿಕೆಯೇ ನಿಂತುಹೋಯಿತು. ನನಗೆ ಊಟ ಸೇರಲಿಲ್ಲ. ನೀರು ಸೇದಲು ಹೋದರೂ ಅವಳೇ ಕಣ್ಣಮುಂದೆ.

ಸೋಮವಾರ ಎಲ್ಲರೂ ಬಂದು ಕೂತರು. ಪತ್ರಿಕೆ ಇನ್ನು ಬರುವುದಿಲ್ಲವೆಂದು ಹೇಳಿ, ಬೀಡಿ ಕಟ್ಟಲು ನಾನೂ ಒಂದು ಎಲೆ ಕೈಗೆತ್ತಿಕೊಂಡೆ. ಅತ್ತೆ ನನ್ನ ತಂಬಾಕಿನ ಮೊರ ಕಸಿದುಕೊಂಡು ಸಿಡುಕಿದರು: “ಬೀಡಿ ನಾವು ಕಟ್ಟತೀವಿ. ನೀ ಮೊದಲ ಆಕಿನ್ನ ಬಾವಿಕಟ್ಟಿ ಮ್ಯಾಲಿಂದ ಕೆಳಗ ಇಳಸು. ಎಂಟು ದಿನ ಆತು, ಹಸದು ಕುಂತಾಳ.”

ನನ್ನ ಕೈಯಲ್ಲಿ ಆ ಎಲೆಯೊಂದೇ ಉಳಿದಿತ್ತು. ಅದನ್ನೇ ಪತ್ರಿಕೆಯ ಹಾಗೆ ಎರಡೂ ಕೈಯಿಂದ ಹಿಡಿದು ಮುಂದಿನ ಕಂತು ಓದತೊಡಗಿದೆ. ಯಾರೂ ನಗಲಿಲ್ಲ.