ಫೋನಿಗೆ ಕೈ ಮುಗಿದ ವಾರಗಿತ್ತಿ

ಭಾನುವಾರ ಬೆಳಿಗ್ಗೆ ಕೌದಳ್ಳಿಯಲ್ಲಿ ನನ್ನ ವಾರಗಿತ್ತಿ ಆರೋಗ್ಯಮ್ಮನ ಮನೆ ಬಾಗಿಲು ತಳ್ಳಿ ಒಳಗೆ ಹೋದರೆ, ಅವಳು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಫೋನಿಗೆ ಕೈ ಮುಗಿಯುತ್ತಿದ್ದಳು. ಫೋನಿನಲ್ಲಿ ಮೈಸೂರಿನ ಬಲಿಪೂಜೆ. ಪಕ್ಕದವರಿಗೆ ಶಾಂತಿ ಹೇಳಿ ಎಂದು ಅಲ್ಲಿನ ಫಾದರ್ ಹೇಳಿದ್ದರು. ಇವಳ ಪಕ್ಕದಲ್ಲಿ ಇದ್ದದ್ದು ಬೆಕ್ಕು. ಅದೋ, ನಿದ್ದೆ ಮಾಡುತ್ತಿತ್ತು.

ಗಂಡ ತೀರಿಹೋದ ಮೇಲೆ ಅವಳು ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಳು. ಕರೆದರೆ, ಫೋನಿನಲ್ಲೇ ಪೂಜೆ ಆಯಿತು ಅನ್ನುತ್ತಿದ್ದಳು.

“ಲೇ, ಆ ಫೋನು ನಿನ್ ಬಾಯ್ಗೆ ಪರಮಪ್ರಸಾದ ಆಕ್ತದಾ?” ಎಂದು ಬೈಯುತ್ತಲೇ ಅವಳ ಮುಂದೆ ಕೂತು, ಶಾಂತಿ ಹೇಳಲು ನಾನೇ ಕೈ ಚಾಚಿದೆ. ಹಿಡಿದವಳು ಬಿಡಲೇ ಇಲ್ಲ. ಪೂಜೆ ಮುಗಿದು ಸೋಪಿನ ಜಾಹೀರಾತು ಬಂತು, ಆಗಲೂ ಬಿಡಲಿಲ್ಲ.

“ಅವ್ರು ಓದ್ ಮ್ಯಾಕೆ ನನ್ ಕೈಯ ಯಾರೂ ಇಡ್ದಿಲ್ಲ ಕಣಕ್ಕಾ,” ಎಂದಳು.

“ಬಾಗ್ಲಾಕ್ಕಂಡು ಕೂತಿದ್ರೆ ಯಾರ್ ಇಡಿತಾರೆ? ಯೇಸುಸ್ವಾಮಿ ಮನೆ ಮ್ಯಾಲಿನ ಎಂಚು ತಗ್ದು ಇಳ್ಕಂಡ್ ಬರ್ಬೇಕಾ? ಏಳು, ಒಳ್ಳೆ ಸೀರೆ ಉಟ್ಕೊ. ನಮ್ಮೂರ ಪೂಜೆ ಇನ್ನೂ ಸುರುವಾಗಿಲ್ಲ.”

ಮೂಗು ಒರೆಸಿಕೊಂಡು ಎದ್ದಳು.

ಈಗ ಪ್ರತಿ ಭಾನುವಾರ ಬರುತ್ತಾಳೆ. ಫಾದರ್ ಉಪದೇಶ ಮಾಡುವ ಪ್ರಸಂಗದ ಉದ್ದಕ್ಕೂ ಊರ ಸುದ್ದಿಯನ್ನೆಲ್ಲ ನನ್ನ ಕಿವಿಗೆ ಊದುತ್ತಾಳೆ. ಫಾದರ್ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡುತ್ತಾರೆ, ನೋಡಲಿ. ಹೇಳಬೇಕಾದ್ದನ್ನು ದೇವರು ಮೇಲಿಂದಲೇ ಕೂಗಿ ಹೇಳಬಹುದಿತ್ತು. ಹಾಗೆ ಮಾಡದೆ ನಮ್ಮಂಥವರ ನಡುವೆ ಬಂದು ಹುಟ್ಟಿದ. ಮನುಷ್ಯರ ಗಲಾಟೆ ಅವನಿಗೆ ಹೊಸದೇನಲ್ಲ.