ದಿನ ಗೊತ್ತಿಲ್ಲದವರಿಗೊಂದು ಎಲೆ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಮ್ಮದೊಂದು ಓದುಗರ ಕೂಟವಿತ್ತು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಎಂಟು ಹತ್ತು ಕನ್ನಡದ ಹೆಂಗಸರು ಸೇರುತ್ತಿದ್ದೆವು. ಪುಸ್ತಕ ಓದಿ ಬರುವವರು ಮೂರು ಜನ, ಬಿಸಿಬೇಳೆ ಭಾತಿಗೆ ಬರುವವರು ಉಳಿದವರೆಲ್ಲ. ನಾನು ಯಾವ ಪಂಗಡ ಎಂದು ದಯವಿಟ್ಟು ಕೇಳಬೇಡಿ. 2010ರ ದಶಕದ ನಡುವಿನಲ್ಲಿ ಗಣಿ ಕೆಲಸಗಳು ಕಡಿಮೆಯಾಗಿ ಎಷ್ಟೋ ಸಂಸಾರಗಳು ಬೇರೆ ಕಡೆ ಹೋದವು. ಕೂಟದ ಯಜಮಾನಿಯಂತಿದ್ದ ಗೆಳತಿಯೂ ಬ್ರಿಸ್ಬೇನ್‌ಗೆ ಹೋದಳು. ಹೋದರೂ ಅಧಿಕಾರ ಬಿಟ್ಟುಕೊಡಲಿಲ್ಲ. ಸ್ಕೈಪ್‌ನಲ್ಲಿ ಕೂತುಕೊಂಡೇ ಒಂದು ಇಂಗ್ಲಿಷ್ ಕಾದಂಬರಿಯನ್ನು ಗೊತ್ತುಮಾಡಿ, ಅದರ ಬಗ್ಗೆ ಮಾತಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದಳು.

ಆ ಕಾದಂಬರಿಯಲ್ಲಿ ಮೊಮ್ಮಗಳೊಬ್ಬಳಿಗೆ ಅಜ್ಜಿಯ ಮನೆಯ ಅಟ್ಟದ ಮೇಲೆ ಒಂದು ಪೆಟ್ಟಿಗೆ ಸಿಗುತ್ತದೆ. ಅಜ್ಜಿ ಯಹೂದಿ, ನಾಜಿಗಳ ಶಿಬಿರದಿಂದ ಬದುಕಿ ಬಂದವಳು, ಜೀವಮಾನವಿಡೀ ಅದನ್ನು ಮುಚ್ಚಿಟ್ಟವಳು ಎಂಬುದು ಒಂದೊಂದಾಗಿ ಬಯಲಾಗುತ್ತದೆ. ನಾನು ಲೈಬ್ರರಿಯಿಂದ ಪುಸ್ತಕ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಮುಂದೆ ನಡೆದದ್ದಕ್ಕೆಲ್ಲ ಕಾರಣವಾದದ್ದು ಹಾಗೆ ಮೇಜಿನ ಮೇಲೆ ಇಟ್ಟದ್ದೇ.

ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಹೆಂಗಸು ಒಂಟಿಯಾಗಿದ್ದರು. ಹಂಗೇರಿಯವರು. ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ನನ್ನ ಗಂಡ ಗಣಿಯಲ್ಲಿ ಜಿಯಾಲಜಿಸ್ಟ್, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವರಿಲ್ಲದಾಗ ಕಸದ ಡಬ್ಬ ರಸ್ತೆಗೆ ಇಡುವುದು ಮರೆತರೆ ಬೇಲಿಯ ಆಚೆಯಿಂದ ನನಗೆ ಬೈಗುಳ ಬರುತ್ತಿತ್ತು. ನಾನೂ ಸುಮ್ಮನಿರುವವಳಲ್ಲ, ಒಂದಕ್ಕೆರಡು ಹೇಳುತ್ತಿದ್ದೆ. ಹೀಗೆ ನಮ್ಮ ಸ್ನೇಹ ಗಟ್ಟಿಯಾಗಿತ್ತು.

ಆ ವರ್ಷ ಮೈಸೂರಿನಿಂದ ನಮ್ಮತ್ತೆ ಆರು ತಿಂಗಳಿಗೆ ಬಂದರು. ಅತ್ತೆಗೆ ಇಂಗ್ಲಿಷ್ ಬಾರದು. ಆಂಟಿಗೆ ಕನ್ನಡ ಎಂಬ ಭಾಷೆ ಇರುವುದೇ ಗೊತ್ತಿರಲಿಲ್ಲ. ಬಂದ ಮೂರನೆಯ ದಿನ ಅತ್ತೆ ಸ್ಟೀಲ್ ಡಬ್ಬಿಯಲ್ಲಿ ಗಸಗಸೆ ಪಾಯಸ ಕೊಟ್ಟು ಕಳಿಸಿದರು. ಆಂಟಿ ಎರಡು ಲೋಟ ಕುಡಿದು ಮಲಗಿದವರು ಸಂಜೆಯವರೆಗೂ ಏಳಲಿಲ್ಲ. ಅಡಿಲೇಡ್‌ನಲ್ಲಿದ್ದ ಅವರ ಮಗಳು ಫೋನ್ ಮಾಡಿ ಮಾಡಿ ಸಾಕಾಗಿ, ಗಾಬರಿಯಿಂದ ನನಗೆ ಮಾಡಿದಳು. ನಾನು ಓಡಿಹೋಗಿ ಬಾಗಿಲು ಬಡಿದರೆ, ಆಂಟಿ ಕೂದಲು ಕೆದರಿಕೊಂಡು ಬಂದು, "ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಅರವತ್ತು ವರ್ಷ ಆಯ್ತು, ನೀನ್ಯಾಕೆ ಎಬ್ಬಿಸಿದೆ?" ಎಂದು ಬೈದರು. ಅವರು ಮಾತಾಡಿದ್ದು ಇಂಗ್ಲಿಷ್. ನನ್ನ ಕಿವಿಗೆ ಮಾತ್ರ ಅದು ಯಾವತ್ತೂ ನಮ್ಮ ಮೈಸೂರಿನ ಬೈಗುಳದ ಹಾಗೇ ಕೇಳುತ್ತಿತ್ತು.

ವಿಷಯ ತಿಳಿಸಲು ಮಗಳಿಗೆ ಫೋನ್ ಮಾಡಿದಾಗ ಅವಳು ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ, "ನನಗೆ ಅಂತ ಇರೋದು ಅಮ್ಮ ಒಬ್ಬಳೇ. ಅವಳ ಕಡೆಯೋರು ಯಾರು ಅಂತ ಕೇಳಿದ್ರೆ 'ನಾನು ಒಬ್ಬಳೇ ಮಗಳು' ಅಂದು ಮಾತು ಮುಗಿಸ್ತಾಳೆ. ಸ್ಕೂಲಲ್ಲಿ ವಂಶದ ಮರ ಬರೆಯೋಕೆ ಹೇಳಿದಾಗ ನನ್ನದು ಬರೀ ಕಡ್ಡಿ ಆಗಿತ್ತು. ಅಮ್ಮ ಹೋಗೋದರೊಳಗೆ ಒಂದು ಹೆಸರಾದ್ರೂ ಹೇಳ್ತಾಳೋ ಇಲ್ವೋ" ಎಂದಳು. ಅರವತ್ತಕ್ಕೆ ಹತ್ತಿರವಾದ ಹೆಂಗಸು. ನನಗೆ ಪಾಪ ಅನ್ನಿಸಿತು. ಜೊತೆಗೆ ಮೂಗು ತೂರಿಸುವ ಆಸೆಯೂ ಹುಟ್ಟಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದನ್ನು ಆಂಟಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ನಮ್ಮ ಡಬ್ಬಿ ಹಿಂದಕ್ಕೆ ಬಂದಾಗ ಅದರೊಳಗೆ ಗಸಗಸೆಯ ಹೂರಣ ತುಂಬಿ ಸುತ್ತಿದ ರೊಟ್ಟಿಯ ತುಂಡುಗಳಿದ್ದವು. ಅತ್ತೆಗೆ ಆನಂದವೋ ಆನಂದ. ಅಷ್ಟರಲ್ಲಿ ನೆನಪಾಗಿ, "ಇವತ್ತು ಶನಿವಾರ. ಮೊಟ್ಟೆ ಹಾಕಿದಾರಾ ಕೇಳು" ಎಂದರು. ಮಿಕ್ಕ ದಿನ ಕೋಳಿಯ ಕಾಲು ಕಡಿಯುವ ಅತ್ತೆ ಶನಿವಾರ ಮೊಟ್ಟೆ ಮುಟ್ಟುವವರಲ್ಲ. ನಾನು ಸಂಕೋಚದಿಂದ ಹೇಳಿದೆ. ಆಂಟಿ ನಗಲಿಲ್ಲ. "ಶನಿವಾರವಾ? ಹಾಗಾದ್ರೆ ಮುಟ್ಟಬಾರದು. ನಮ್ಮ ಮನೇಲೂ ಶನಿವಾರ ಎಷ್ಟೋ ಕೆಲಸ ಮಾಡ್ತಿರಲಿಲ್ಲ" ಎಂದರು. ಮುಂದಿನ ವಾರದಿಂದ ಮೊಟ್ಟೆಯಿಲ್ಲದ ರೊಟ್ಟಿ ಬಂತು. ಯಹೂದಿಗಳಿಗೆ ಶನಿವಾರ ವಿರಾಮದ ದಿನ ಎಂದು ಕಾದಂಬರಿಯ ನಲವತ್ತನೆಯ ಪುಟದಲ್ಲಿ ಓದುವವರೆಗೂ ನನಗೆ ಏನೂ ಹೊಳೆದಿರಲಿಲ್ಲ.

ಆಂಟಿ ಆ ಪುಸ್ತಕವನ್ನು ನಮ್ಮ ಮೇಜಿನ ಮೇಲೆ ನೋಡಿದರು. ಬೆನ್ನುಪುಟ ಓದಿ, "ಯಾವಾಗಲೂ ಅಟ್ಟದ ಮೇಲೇ ಪೆಟ್ಟಿಗೆ ಸಿಗುತ್ತೆ ಇವರಿಗೆ. ಪರ್ತ್‌ನಲ್ಲಿ ಯಾರ ಮನೆಗೆ ಅಟ್ಟ ಇದೆ?" ಎಂದು ಗೊಣಗಿದರು. ಗೊಣಗುತ್ತಲೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ನಾಲ್ಕು ದಿನದ ಮೇಲೆ ಪುಸ್ತಕ ಡಬ್ಬಿಯ ಜೊತೆ ಮರಳಿತು. ಪುಟದ ಅಂಚುಗಳಲ್ಲೆಲ್ಲ ಪೆನ್ಸಿಲ್ ಬರಹ! ಲೈಬ್ರರಿಯ ಪುಸ್ತಕ ಕಣ್ರೀ, ಅದರ ಮೇಲೆ ಟೀಚರ್ ಥರ ತಿದ್ದಿದ್ದರು. ಅಟ್ಟದ ಪ್ರಸಂಗದ ಪಕ್ಕ "ಸುಳ್ಳು". ಇನ್ನೊಂದು ಕಡೆ "ಈ ಮನುಷ್ಯನಿಗೆ ಹಿಮ ಗೊತ್ತಿಲ್ಲ". ನಾನು ನಗುತ್ತಾ ಪುಟ ತಿರುಗಿಸುತ್ತಿದ್ದೆ. ಶಿಬಿರದಲ್ಲಿ ಬ್ರೆಡ್ ಹಂಚುವ ಪುಟ ಬಂತು. ಅಲ್ಲಿ, "ಚಾಕು ಎಲ್ಲಿತ್ತು? ದಾರದಿಂದ ಕತ್ತರಿಸುತ್ತಿದ್ದೆವು" ಎಂದು ಬರೆದಿತ್ತು.

ಕತ್ತರಿಸುತ್ತಿದ್ದೆವು. ಕತ್ತರಿಸುತ್ತಿದ್ದರು ಅಂತಲ್ಲ.

ಬುದ್ಧಿ ಇದ್ದವಳಾದರೆ ಸುಮ್ಮನಿರುತ್ತಿದ್ದೆ. ನಾನು ಪತ್ತೇದಾರಳಂತೆ ಪುಸ್ತಕ ಹಿಡಿದು ಆಂಟಿಯ ಮನೆಗೆ ಹೋದೆ. "ಆಂಟಿ, ನೀವೂ ಅಲ್ಲಿದ್ರಾ? ನಿಮ್ಮ ಮಗಳಿಗೆ ಯಾಕೆ ಹೇಳಿಲ್ಲ?" ಎಂದು ಕೇಳಿಯೇಬಿಟ್ಟೆ. ಅವರು, "ಕೆಟ್ಟ ಪುಸ್ತಕ. ಹೋಗು, ನಿನ್ನ ಒಲೆ ಮೇಲೆ ಏನೋ ಸೀಯ್ತಿರಬೇಕು" ಎಂದು ಬಾಗಿಲು ಹಾಕಿಕೊಂಡರು. ಮಾರನೆಯ ದಿನ ಅತ್ತೆ ಕಳಿಸಿದ ಚಿತ್ರಾನ್ನದ ಡಬ್ಬಿ ಹಿಂದಕ್ಕೆ ಬಂತು. ತೊಳೆದು ಒರೆಸಿತ್ತು, ಆದರೆ ಖಾಲಿ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ನೋಡಿ, ನನ್ನ ಮುಖ ನೋಡಿದರು. ಎಲ್ಲ ಹೇಳಿದೆ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿನಗೇನು ಪೊಲೀಸ್ ಕೆಲಸ ಕೊಟ್ಟಿದ್ರಾ?" ಎಂದರು. ನನಗೆ ಅಳು ಬಂತು. ಕೂಟದಲ್ಲಿ ಆ ಕಾದಂಬರಿಯ ಬಗ್ಗೆ ನಾನು ಮಾತಾಡಲಿಲ್ಲ. ಹುಷಾರಿಲ್ಲ ಎಂದು ಬ್ರಿಸ್ಬೇನ್‌ಗೆ ಸುಳ್ಳು ಹೇಳಿದೆ.

ಎರಡು ವಾರ ಬೇಲಿಯ ಆಚೆಯಿಂದ ಒಂದು ಬೈಗುಳವೂ ಬರಲಿಲ್ಲ. ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯ ಮೇಲೆ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಊಟ ಮಾಡುವುದು. ಅತ್ತೆ ಬೆಳಿಗ್ಗೆಯಿಂದ ವಡೆ, ಪಾಯಸ, ಕೋಳಿ ಸಾರು ಎಲ್ಲ ಮುಗಿಸಿ, "ಹೋಗಿ ಅವರನ್ನ ಕರ್ಕೊಂಡು ಬಾ. ತಪ್ಪಾಯ್ತು ಅನ್ನು. ಬೇರೆ ಏನೂ ಕೇಳಬೇಡ" ಎಂದು ಕಳಿಸಿದರು. ನಾನು ಹೋಗಿ ತಪ್ಪಾಯ್ತು ಎಂದೆ. ಆಂಟಿ ಚಪ್ಪಲಿ ಹಾಕಿಕೊಂಡು ಬಂದರು.

ನೆಲದ ಮೇಲೆ ಮೂರು ಎಲೆ ಹಾಕಿತ್ತು. ಯಾರಿಗೆ ಎಂದು ಆಂಟಿ ಕೇಳಿದರು. ಎರಡು ಮಾವನ ಅಪ್ಪ ಅಮ್ಮನಿಗೆ. ಮೂರನೆಯದು ಅತ್ತೆಯ ಅಣ್ಣನಿಗೆ. ಇಪ್ಪತ್ತನೆಯ ವಯಸ್ಸಿಗೆ ಜಗಳವಾಡಿ ಮನೆ ಬಿಟ್ಟವನು, ಎಲ್ಲಿ ಸತ್ತ, ಯಾವತ್ತು ಸತ್ತ, ಯಾರಿಗೂ ಗೊತ್ತಿಲ್ಲ. ಶಾಸ್ತ್ರ ಕೇಳಿದರೆ ತವರಿನವರಿಗೆ ಇಲ್ಲಿ ಎಡೆ ಇಡುವ ಹಾಗಿಲ್ಲ. ಆದರೆ ಅತ್ತೆ ಯಾವತ್ತೂ ಶಾಸ್ತ್ರವನ್ನು ಕೇಳಿದವರಲ್ಲ. "ಸತ್ತ ದಿನ ಗೊತ್ತಿಲ್ಲದೋರಿಗೂ ಒಂದು ದಿನ ಬೇಕಲ್ಲ, ಅದೇ ಇವತ್ತು ಅಂತ ಹೇಳು" ಎಂದರು. ಹೇಳಿದೆ.

ಆಂಟಿ ಆ ಮೂರನೆಯ ಎಲೆಯನ್ನು ನೋಡುತ್ತಾ ನಿಂತರು. ಅತ್ತೆ ಬೆರಳು ಎತ್ತಿ ಎಣಿಸಿ ತೋರಿಸುತ್ತಾ, ಯಾರನ್ನು ಕಂಡರೂ ಕೇಳುವ ಹಾಗೆ ಕೇಳಿದರು: "ನೀವು ಎಷ್ಟು ಜನ ಒಡಹುಟ್ಟಿದೋರು?" ಬೇರೆ ಏನೂ ಕೇಳಬೇಡ ಎಂದು ನನಗೆ ಹೇಳಿದವರು! ನಾನು ತರ್ಜುಮೆ ಮಾಡಲಿಲ್ಲ. ಬೇಕಾಗಲೂ ಇಲ್ಲ. ಒಬ್ಬಳೇ ಮಗಳು ಎಂದು ಅರವತ್ತು ವರ್ಷ ಹೇಳಿಕೊಂಡು ಬಂದ ಆಂಟಿ, ಅತ್ತೆಗೆ ಬಲಗೈಯ ಮೂರು ಬೆರಳು ತೋರಿಸಿ, ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು.

ಅತ್ತೆಗೆ ಆಶ್ಚರ್ಯವೂ ಆಗಲಿಲ್ಲ, ಕಣ್ಣೀರೂ ಬರಲಿಲ್ಲ. ಫ್ರೀಜರ್‌ನಲ್ಲಿದ್ದ ಕೊನೆಯ ಬಾಳೆ ಎಲೆಯನ್ನು ತೆಗೆದು, ಬಿಸಿನೀರು ಚಿಮುಕಿಸಿ, ಮೂರು ತುಂಡು ಮಾಡಿದರು. "ಅವರಿಗೆ ಏನು ಇಷ್ಟ ಕೇಳು."

ಆಂಟಿ ಮನೆಗೆ ಹೋಗಿ ಗಸಗಸೆ ರೊಟ್ಟಿಯನ್ನೂ ಒಂದು ಮೇಣದ ಬತ್ತಿಯನ್ನೂ ತಂದರು. "ಸತ್ತೋರ ದಿನ ಬಂದಾಗ ನಮ್ಮಲ್ಲಿ ದೀಪ ಹಚ್ತೀವಿ. ನನಗೆ ಅವರ ದಿನ ಗೊತ್ತಿರಲಿಲ್ಲ. ಅದಕ್ಕೇ ಯಾವತ್ತೂ ಹಚ್ಚಲಿಲ್ಲ" ಎಂದರು. ಇನ್ನೊಂದನ್ನೂ ಹೇಳಿದರು. ಈ ದೇಶಕ್ಕೆ ಬಂದಾಗ ಫಾರಂನಲ್ಲಿ ಒಡಹುಟ್ಟಿದವರು ಎಷ್ಟು ಎಂಬ ಖಾನೆ ಇತ್ತಂತೆ. ಬದುಕಿರುವವರನ್ನು ಕೇಳುತ್ತಿದ್ದಾರೆ ಎಂದುಕೊಂಡು ಸೊನ್ನೆ ಬರೆದರಂತೆ. ಆಮೇಲೆ ಆ ಸೊನ್ನೆಯೇ ಉಳಿಯಿತು.

ಒಂದೊಂದು ಎಲೆಯ ಮುಂದೆಯೂ ಅವರು ಒಬ್ಬೊಬ್ಬ ತಮ್ಮನ ಹೆಸರು ಹೇಳಿದರು. ಅವನ್ನು ನಾನಿಲ್ಲಿ ಬರೆಯುವುದಿಲ್ಲ. ಅವು ಅವರ ಮಗಳ ಆಸ್ತಿ.

ಬಾಗಿಲು ಮುಚ್ಚಿ ನಾವು ನಾಲ್ವರೂ ಹಿತ್ತಲಲ್ಲಿ ನಿಂತೆವು. ಅತ್ತೆ, ಆಂಟಿ, ನಾನು, ನನ್ನ ಹತ್ತು ವರ್ಷದ ಮಗಳು. ಮಧ್ಯಾಹ್ನದ ಹದವಾದ ಬಿಸಿಲು. ಎರಡು ನಿಮಿಷವಾಗಿರಬೇಕು, ಸಾಂಬ್ರಾಣಿಯ ಹೊಗೆಗೆ ಒಳಗಿನ ಸ್ಮೋಕ್ ಅಲಾರಂ ಕಿರುಚಲು ಶುರುಮಾಡಿತು. "ಅಜ್ಜಿ, ದಿ ಅಲಾರಂ!" ಎಂದು ಮಗಳು ಬಾಗಿಲಿಗೆ ಹಾರಿದಳು. ಅತ್ತೆ ಅಡ್ಡ ನಿಂತರು. "ಯಾರೂ ಬಾಗಿಲು ತೆಗೀಬೇಡಿ. ಊಟ ಮಾಡ್ತಿದಾರೆ!"

ಅದನ್ನು ನಾನು ಇಂಗ್ಲಿಷ್‌ನಲ್ಲಿ ಹೇಳಿದ್ದೇ ತಡ, ಆಂಟಿ ನಗಲು ಶುರುಮಾಡಿದರು. ಬೇಲಿ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ನನ್ನ ಕೊನೇ ತಮ್ಮ! ಊಟಕ್ಕೆ ಕೂತರೆ ಹೀಗೇ ಗಲಾಟೆ ಮಾಡ್ತಿದ್ದ" ಎಂದರು. ಅಲಾರಂ ತಾನಾಗಿ ನಿಂತ ಮೇಲೆ ಅತ್ತೆ ಆಂಟಿಯ ಕೈಯಿಂದಲೇ ಬಾಗಿಲು ತಟ್ಟಿಸಿದರು. ಅವತ್ತು ಆಂಟಿ ಕೋಳಿ ಸಾರನ್ನು ಎರಡು ಸಲ ಹಾಕಿಸಿಕೊಂಡರು.

ಅಡಿಲೇಡ್‌ನ ಮಗಳಿಗೆ ಫೋನಿನಲ್ಲಿ ಹೇಳಲು ಮಾತ್ರ ಅವರಿಂದ ಆಗಲಿಲ್ಲ. ಎರಡು ಭಾನುವಾರ ಬಾಯಿ ತೆರೆದು ಮುಚ್ಚಿದರಂತೆ. ಕೊನೆಗೆ ನನ್ನ ಹತ್ತಿರ ಬಂದು, "ಆ ಕೆಟ್ಟ ಪುಸ್ತಕ ಕೊಡು" ಎಂದರು. ಪುಸ್ತಕ ಕಳೆದುಹೋಯಿತು ಎಂದು ಲೈಬ್ರರಿಗೆ ಹೇಳಿ ಹೊಸದೊಂದನ್ನು ಕೊಂಡುಕೊಟ್ಟೆ. ಪೆನ್ಸಿಲ್ ಬರಹದ ಪುಸ್ತಕ, ಕೊನೆಯ ಖಾಲಿ ಹಾಳೆಯಲ್ಲಿ ಮೂರು ಹೆಸರು ಬರೆಸಿಕೊಂಡು, ಪೋಸ್ಟಿನಲ್ಲಿ ಅಡಿಲೇಡ್‌ಗೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಮಗಳೇ ವಿಮಾನ ಹತ್ತಿ ಬಂದಳು. ಅಚ್ಚಾದ ಕಥೆಯನ್ನು ಒಂದು ಪುಟವೂ ಓದಲಿಲ್ಲವಂತೆ, ಅಂಚುಗಳನ್ನು ಮಾತ್ರ ಓದಿದಳಂತೆ. ಆ ವರ್ಷದ ಕೊನೆಗೆ ತಾಯಿಯನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಬೇಲಿಯ ಆಚೆ ಬೈಯುವವರಿಲ್ಲದೆ ನಾನು ಕಸದ ಡಬ್ಬ ಇಡುವುದನ್ನು ಮರೆಯುತ್ತಲೇ ಇದ್ದೆ.

ಮರುವರ್ಷದ ಮಹಾಲಯ ಅಮಾವಾಸ್ಯೆಯ ದಿನ ವಿಡಿಯೋ ಕಾಲ್ ಬಂತು. ಅತ್ತೆ ಆಗ ಮೈಸೂರಿನಲ್ಲಿ. ಅವರನ್ನೂ ಇನ್ನೊಂದು ಫೋನಿನಲ್ಲಿ ಹಿಡಿದುಕೊಂಡೆ. ಅಡಿಲೇಡ್‌ನ ಹಿತ್ತಲಲ್ಲಿ ಆಂಟಿಯೂ ಮಗಳೂ ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದರು. ಕಿಟಕಿಯ ಗಾಜಿನ ಆಚೆ ಮೇಣದ ಬತ್ತಿ, ಮೇಜಿನ ಮೇಲೆ ಮೂರು ತಟ್ಟೆ ಗಸಗಸೆ ರೊಟ್ಟಿ.

"ಎಷ್ಟು ಹೊತ್ತು ನಿಂತಿರಬೇಕು ಅಂತ ಕೇಳಿ" ಎಂದಳು ಮಗಳು. ಕೇಳಿದೆ.

"ಮೂರು ಜನ ಇದಾರೆ, ಅವಸರ ಮಾಡಬೇಡ ಅನ್ನು" ಎಂದರು ಅತ್ತೆ. "ಸೋದರಮಾವಂದಿರನ್ನ ಅವಳು ಮೊದಲನೇ ಸಲ ಊಟಕ್ಕೆ ಕರೆದಿರೋದು."